ಊರಿನ ಬೊಕ್ಕಸವೂ ಆಸ್ತಿ ವರ್ಗಾವಣೆಯ ಸುಂಕವೂ

(ಹುಬ್ಬಳ್ಳಿಯಲ್ಲಿ ಶಿಕ್ಷಕರ ಹಾಗೂ ಪೌರರ ಸಭೆಯಲ್ಲಿ ಮಾಡಿದ ಭಾಷಣ)



ಈ ಸಾಯಂಕಾಲದ ವಿಷಯವು ಕೇಳಲಿಕ್ಕೆ ಇಂಪಾದುದಲ್ಲವೆಂಬದು ನಮಗೆ ಗೊತ್ತಿದೆ. ನುಡಿಯ ಮೇಲೆ, ನಾಡಿನ ಇತಿಹಾಸದ ಮೇಲೆ ಭಾಷಣವೆಂದರೆ ಸಭಾಗೃಹವು ತುಂಬುವದು; ಪಾಲಿಕೆಯ ಜಮಾಖರ್ಚೆಂದರೆ ಕುಳಿತವರೂ ಬಾಗಿಲ ಕಡೆಗೆ ನೋಡುವರು. ಹೀಗಿದ್ದರೂ ಇದೇ ವಿಷಯವನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. ಸ್ವರಾಜ್ಯವು ದಿಲ್ಲಿಯಿಂದಾಗಲಿ ಬೆಂಗಳೂರಿನಿಂದಾಗಲಿ ಕೆಳಗೆ ಇಳಿದು ಬರುವ ವಸ್ತುವೆಂದು ನಾವು ನಂಬುವದಿಲ್ಲ. ಅದು ನಮ್ಮ ಓಣಿಯ ಗಟಾರದಿಂದ, ನಮ್ಮ ನಳದ ನೀರಿನಿಂದ, ನಮ್ಮ ಮಕ್ಕಳು ಶಾಲೆಗೆ ನಡೆದು ಹೋಗುವ ಹಾದಿಯಿಂದ ಮೇಲಕ್ಕೆ ಏರತಕ್ಕದ್ದು. ಈ ಮೂರನ್ನೂ ನೋಡಿಕೊಳ್ಳಬೇಕಾದ ಸಂಸ್ಥೆಯ ಕೈಯಲ್ಲಿ ತನ್ನದೆಂಬ ದುಡ್ಡು ಇಲ್ಲದೆ ಹೋದರೆ, ಅಲ್ಲಿಗೆ ಆರಿಸಿ ಹೋದವರು ಜನರ ಪ್ರತಿನಿಧಿಗಳಾಗಿ ಉಳಿಯದೆ, ಸರಕಾರದ ಬಾಗಿಲಲ್ಲಿ ಅರ್ಜಿ ಹಿಡಿದು ನಿಂತವರಾಗುವರು. ಊರಿನ ಬೊಕ್ಕಸದ ಪ್ರಶ್ನೆಯನ್ನು ಲೆಕ್ಕಿಗರಿಗೆ ಬಿಟ್ಟುಬಿಡಲಾಗದು ಎಂದು ನಾವು ಹೇಳುವದು ಇದರಿಂದಲೇ.

ಒಂದು ಖರೀದಿಯ ಉದಾಹರಣೆಯಿಂದ ಆರಂಭಿಸೋಣ. ನಿವೃತ್ತರಾದ ಶಿಕ್ಷಕರೊಬ್ಬರು ಹುಬ್ಬಳ್ಳಿಯ ವಿದ್ಯಾನಗರದಲ್ಲಿ ೬೦ ಲಕ್ಷ ರೂಪಾಯಿಗೆ ಮನೆಯೊಂದನ್ನು ಕೊಳ್ಳುತ್ತಾರೆಂದು ತಿಳಿಯಿರಿ. ಖರೀದಿ ಪತ್ರವನ್ನು ನೋಂದಾಯಿಸಲು ಸಬ್ ರಿಜಿಸ್ಟ್ರಾರರ ಕಚೇರಿಗೆ ಹೋದಾಗ ಅವರು ತುಂಬಬೇಕಾದ ಮೊತ್ತಗಳು ಹೀಗಿರುವವು. ಮುದ್ರಾಂಕ ಶುಲ್ಕವು ಬೆಲೆಯ ಶೇಕಡಾ ೫, ಅಂದರೆ ೩ ಲಕ್ಷ ರೂಪಾಯಿ. ಆ ಶುಲ್ಕದ ಮೇಲೆ ರಾಜ್ಯದ ಮೂಲ ಸೌಕರ್ಯ ಯೋಜನೆಗಳಿಗೆಂದು ಶೇಕಡಾ ೧೦ ಉಪಕರ, ಅಂದರೆ ೩೦ ಸಾವಿರ. ನೋಂದಣಿಯ ಶುಲ್ಕವು ಬೆಲೆಯ ಶೇಕಡಾ ೧ ಇದ್ದುದು ೨೦೨೫ನೆಯ ಆಗಸ್ಟ ೩೧ರಿಂದ ಶೇಕಡಾ ೨ ಆಗಿದೆ. ಅದು ೧ ಲಕ್ಷ ೨೦ ಸಾವಿರ. ಕೊನೆಗೆ ಮುದ್ರಾಂಕ ಶುಲ್ಕದ ಮೇಲೆ ಶೇಕಡಾ ೨ ಅಧಿಭಾರ, ಅಂದರೆ ೬ ಸಾವಿರ. ಎಲ್ಲವೂ ಕೂಡಿ ೪ ಲಕ್ಷ ೫೬ ಸಾವಿರ ರೂಪಾಯಿ.

ಈ ನಾಲ್ಕರಲ್ಲಿ ನಮ್ಮ ಪಾಲಿಕೆಗೆ ಸಲ್ಲುವದು ಯಾವದು? ಕೊನೆಯ ೬ ಸಾವಿರವೊಂದೇ. ಸ್ಥಿರಾಸ್ತಿಯ ವರ್ಗಾವಣೆಯ ಮೇಲಿನ ಸುಂಕವೆಂದು ೧೯೭೬ರ ಮಹಾನಗರ ಪಾಲಿಕೆಗಳ ಕಾಯಿದೆಯು ಕರೆಯುವದು ಇದನ್ನೇ. ಹೆಸರು ದೊಡ್ಡದು; ಮೊತ್ತವು ಅದಕ್ಕೆ ತಕ್ಕುದಲ್ಲ. ಶೇಕಡಾ ೨ ಎಂಬ ಮಾತನ್ನು ಕೇಳಿ ಬೆಲೆಯ ಶೇಕಡಾ ೨ ಇರಬಹುದೆಂದು ಬಹು ಜನರು ಭಾವಿಸಿರುವರು. ಅದು ಶುಲ್ಕದ ಶೇಕಡಾ ೨. ಬೆಲೆಯ ಲೆಕ್ಕದಲ್ಲಿ ನೂರು ರೂಪಾಯಿಗೆ ಹತ್ತು ಪೈಸೆ. ಕೊಂಡವನು ಕೊಟ್ಟ ಒಟ್ಟು ಮೊತ್ತದ ಲೆಕ್ಕದಲ್ಲಿ ನೋಡಿದರೂ ನೂರಕ್ಕೆ ಸುಮಾರು ೧ ರೂಪಾಯಿ ೩೨ ಪೈಸೆ. ಅದೂ ನೆಟ್ಟಗೆ ಊರಿನ ಬೊಕ್ಕಸಕ್ಕೆ ಬಾರದೆ ಸರಕಾರದ ಕೈ ದಾಟಿ ಬರತಕ್ಕದ್ದು. ನೋಂದಣಿಯ ಶುಲ್ಕವು ಇಮ್ಮಡಿಯಾದಾಗ ಊರಿಗೆ ಒಂದು ಪೈಸೆಯಾದರೂ ಹೆಚ್ಚಿಗೆ ಬರಲಿಲ್ಲ; ಅಧಿಭಾರವು ಮುದ್ರಾಂಕ ಶುಲ್ಕದ ಮೇಲೆ ಮಾತ್ರ ಇರುವದರಿಂದ ನೋಂದಣಿ ಶುಲ್ಕದ ಏರಿಕೆಗೂ ನಮಗೂ ಸಂಬಂಧವಿಲ್ಲ.

ಇಲ್ಲಿ ಒಂದು ಪ್ರಶ್ನೆಯನ್ನು ಕೇಳಬೇಕಾಗಿದೆ. ಆ ಮನೆಗೆ ೬೦ ಲಕ್ಷದ ಬೆಲೆಯಾದರೂ ಏಕೆ ಬಂದಿತು? ಇಟ್ಟಿಗೆ, ಸಿಮೆಂಟು, ಕಬ್ಬಿಣಗಳ ಬೆಲೆಯು ಹತ್ತು ಮೈಲು ಆಚೆಯ ಹಳ್ಳಿಯಲ್ಲಿಯೂ ಹೆಚ್ಚು ಕಡಿಮೆ ಇಷ್ಟೇ. ಹೆಚ್ಚಿನ ಬೆಲೆಯು ಮಣ್ಣಿಗೆ ಬಂದುದು. ಮಣ್ಣಿಗೆ ಬೆಲೆ ಬಂದುದು ಎದುರಿಗೆ ರಸ್ತೆ ಇರುವದರಿಂದ, ನಳದಲ್ಲಿ ನೀರು ಬರುವದರಿಂದ, ಹತ್ತಿರದಲ್ಲಿ ಕಾಲೇಜು, ಆಸ್ಪತ್ರೆ, ಪೇಟೆಗಳಿರುವದರಿಂದ, ರಾತ್ರಿ ದೀಪ ಉರಿಯುವದರಿಂದ. ಈ ಬೆಲೆಯ ಬಹುಭಾಗವನ್ನು ಊರೇ ಕಟ್ಟಿತು. ಮಾರಾಟದ ದಿನ ಆ ಬೆಲೆಯು ಹಣವಾಗಿ ಕೈಗೆ ಬಂದಾಗ ಊರಿಗೆ ನೂರಕ್ಕೆ ಹತ್ತು ಪೈಸೆ ಸಿಕ್ಕುವದೆಂದರೆ, ಎತ್ತು ಉತ್ತು ಬಿತ್ತಿದ ಹೊಲದ ರಾಶಿಯಲ್ಲಿ ಎತ್ತಿಗೆ ಹೊಟ್ಟಷ್ಟೇ ಉಳಿದಂತಾಯಿತು.

ಈ ಸ್ಥಿತಿಯು ಹೇಗೆ ಬಂದಿತೆಂಬದಕ್ಕೆ ಸ್ವಲ್ಪ ಇತಿಹಾಸವನ್ನು ನೋಡಬೇಕು. ಹುಬ್ಬಳ್ಳಿಯ ಮುನಿಸಿಪಾಲಿಟಿಯು ೧೮೫೫ರಲ್ಲಿಯೂ ಧಾರವಾಡದ್ದು ೧೮೫೬ರಲ್ಲಿಯೂ ಹುಟ್ಟಿದವು. ಏಕೀಕರಣದ ಮುಂಚೆ ಕನ್ನಡಿಗರ ಊರುಗಳು ಐದು ಆಡಳಿತಗಳಲ್ಲಿ ಹಂಚಿಹೋಗಿದ್ದವು. ನಮ್ಮವು ಮುಂಬಯಿಯ ಕಾಯಿದೆಗೂ, ಮಂಗಳೂರು ಮದ್ರಾಸಿನ ಕಾಯಿದೆಗೂ, ಕಲಬುರ್ಗಿ ರಾಯಚೂರು ಬೀದರಗಳು ಹೈದರಾಬಾದಿನ ಆಡಳಿತಕ್ಕೂ, ಮೈಸೂರು ಬೆಂಗಳೂರುಗಳು ಮೈಸೂರಿನ ಕಾಯಿದೆಗೂ, ಮಡಿಕೇರಿಯು ಕೊಡಗಿನ ಆಡಳಿತಕ್ಕೂ ಒಳಪಟ್ಟಿದ್ದವು. ಮುಂಬಯಿ ಪ್ರಾಂತದ ನಮ್ಮ ಊರುಗಳು ಜಕಾತಿ ಮತ್ತು ಮನೆಪಟ್ಟಿ ಎಂಬೆರಡು ಕಂಬಗಳ ಮೇಲೆ ನಿಂತಿದ್ದವು. ೧೯೫೬ರ ನವೆಂಬರ ೧ರಂದು ನಾಡು ಒಂದಾಯಿತು. ೧೯೬೨ರಲ್ಲಿ ಹುಬ್ಬಳ್ಳಿ ಧಾರವಾಡಗಳು ಕೂಡಿ ಒಂದೇ ಮಹಾನಗರ ಪಾಲಿಕೆಯಾಯಿತು. ೧೯೬೪ರ ಪುರಸಭೆಗಳ ಕಾಯಿದೆಯೂ ೧೯೭೬ರ ಮಹಾನಗರ ಪಾಲಿಕೆಗಳ ಕಾಯಿದೆಯೂ ಐದು ಬಗೆಯ ಊರಾಡಳಿತವನ್ನು ಒಂದೇ ಅಚ್ಚಿಗೆ ತಂದವು.

೧೯೭೯ರಲ್ಲಿ ನಮ್ಮ ರಾಜ್ಯವು ಜಕಾತಿಯನ್ನು ರದ್ದು ಮಾಡಿತು. ನಾಕೆಯ ಮುಂದೆ ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದುದನ್ನೂ, ವ್ಯಾಪಾರಿಗಳು ಪಡುತ್ತಿದ್ದ ಕಿರುಕುಳವನ್ನೂ ಹಿರಿಯರು ಬಲ್ಲರು. ಆ ಪದ್ಧತಿಯು ಹೋದುದಕ್ಕಾಗಿ ನಾವು ಅಳುವದಿಲ್ಲ. ಆದರೆ ಒಂದು ಕಂಬವನ್ನು ಕಿತ್ತಾಗ ಅದರ ಜಾಗದಲ್ಲಿ ಮತ್ತೊಂದು ಕಂಬವನ್ನು ನಿಲ್ಲಿಸಬೇಕು. ನಿಲ್ಲಿಸಿದ್ದು ಅನುದಾನವೆಂಬ ಊರುಗೋಲು. ೨೦೧೭ರ ಜುಲೈ ೧ರಂದು ಸರಕು ಮತ್ತು ಸೇವಾ ತೆರಿಗೆಯು ಬಂದಾಗ ಉಳಿದ ಸಣ್ಣ ಆಸರೆಗಳೂ ಸರಿದವು. ಜಾಹೀರಾತಿನ ತೆರಿಗೆಯ ಬಾಬು ಸಂವಿಧಾನದ ರಾಜ್ಯಪಟ್ಟಿಯಿಂದಲೇ ಹೊರಬಿದ್ದಿತು. ಊರುಗೋಲಿನಿಂದ ನಡೆಯಬಹುದು, ಸುಳ್ಳಲ್ಲ; ಆದರೆ ಅದನ್ನು ಹಿಡಿದವನು ಕೊಟ್ಟವನ ಮುಖವನ್ನು ನೋಡುತ್ತಲೇ ನಡೆಯಬೇಕಾಗುವದು.

ನೆರೆಯ ರಾಜ್ಯಗಳು ಏನು ಮಾಡಿರುವವು? ತಮಿಳುನಾಡಿನಲ್ಲಿ ವರ್ಗಾವಣೆಯ ಸುಂಕವು ಆಸ್ತಿಯ ಬೆಲೆಯ ಶೇಕಡಾ ೨ ಇದ್ದು, ಸ್ಥಳೀಯ ಸಂಸ್ಥೆಗಳ ಬಾಬ್ತಿಗೆ ಸೇರತಕ್ಕದ್ದಾಗಿದೆ. ತೆಲಂಗಾಣದಲ್ಲಿ ೨೦೨೧ರಿಂದ ಅದು ಬೆಲೆಯ ಶೇಕಡಾ ಒಂದೂವರೆ. ನಮ್ಮ ಶಿಕ್ಷಕರ ೬೦ ಲಕ್ಷದ ಮನೆಯು ಮಧುರೆಯಲ್ಲಿದ್ದರೆ ಈ ಬಾಬ್ತಿನ ಮೊತ್ತವು ೧ ಲಕ್ಷ ೨೦ ಸಾವಿರವಾಗುತ್ತಿತ್ತು. ವರಂಗಲ್ಲಿನಲ್ಲಿದ್ದರೆ ೯೦ ಸಾವಿರ. ಹುಬ್ಬಳ್ಳಿಯಲ್ಲಿರುವದರಿಂದ ೬ ಸಾವಿರ. ತಮಿಳುನಾಡಿನಲ್ಲಿ ಕೊಳ್ಳುವವನ ಒಟ್ಟು ಭಾರವು ನಮ್ಮಲ್ಲಿಗಿಂತ ಹೆಚ್ಚೆಂಬದನ್ನು ನಾವು ಮರೆಮಾಚುವದಿಲ್ಲ. ಆ ಭಾರವನ್ನು ಇಲ್ಲಿಗೂ ತರಬೇಕೆಂದು ಹೇಳಲು ನಾವು ಬಂದಿಲ್ಲ. ಹಂಚಿಕೆಯ ರೀತಿಯನ್ನು ಮಾತ್ರ ನೋಡಿರಿ ಎನ್ನುತ್ತೇವೆ. ಜಾನ್ ಮಥಾಯಿಯವರ ಅಧ್ಯಕ್ಷತೆಯಲ್ಲಿ ೧೯೫೩-೫೪ರಲ್ಲಿ ವಿಚಾರಣೆ ನಡೆಸಿದ ತೆರಿಗೆ ಆಯೋಗವು ಸ್ಥಳೀಯ ಸಂಸ್ಥೆಗಳಿಗೆ ಸಲ್ಲತಕ್ಕ ಬಾಬುಗಳಲ್ಲಿ ಆಸ್ತಿ ವರ್ಗಾವಣೆಯ ಸುಂಕವನ್ನೂ ಎಣಿಸಿತ್ತು. ಆದುದರಿಂದ ನಾವು ಕೇಳುವದು ಹೊಸ ಮಾತಲ್ಲ.

ಸಂವಿಧಾನವು ನಮಗೆ ಇದನ್ನು ಕೊಡಲಿಲ್ಲವೇ ಎಂದು ಕೆಲವರು ಕೇಳಬಹುದು. ೭೪ನೆಯ ತಿದ್ದುಪಡಿಯು ೧೯೯೩ರ ಜೂನ್ ೧ರಿಂದ ಜಾರಿಗೆ ಬಂದಿತು. ಅದು ನಗರ ಸಂಸ್ಥೆಗಳಿಗೆ ಸಂವಿಧಾನದಲ್ಲಿ ಸ್ಥಾನವನ್ನು ಕೊಟ್ಟಿತು. ಹನ್ನೆರಡನೆಯ ಅನುಸೂಚಿಯಲ್ಲಿ ೧೮ ಕೆಲಸಗಳನ್ನು ಪಟ್ಟಿ ಮಾಡಿತು. ನೀರು, ರಸ್ತೆ, ನೈರ್ಮಲ್ಯ, ಕೊಳೆಗೇರಿಗಳ ಸುಧಾರಣೆ, ಅಗ್ನಿಶಾಮಕ ಸೇವೆ, ಸ್ಮಶಾನ, ದೀಪ ಎಲ್ಲವೂ ಅಲ್ಲಿವೆ. ಆದರೆ ಆ ಕೆಲಸಗಳಿಗೆ ತಕ್ಕ ತೆರಿಗೆಗಳ ಪಟ್ಟಿಯೊಂದು ಎಲ್ಲಿಯೂ ಇಲ್ಲ. ಯಾವ ತೆರಿಗೆಯನ್ನು ಕೊಡಬೇಕು, ಯಾವದನ್ನು ಕೊಡಬಾರದು ಎಂಬದನ್ನು ೨೪೩-ಎಕ್ಸ್ ಅನುಚ್ಛೇದವು ರಾಜ್ಯದ ಶಾಸನ ಸಭೆಯ ಇಚ್ಛೆಗೆ ಬಿಟ್ಟಿದೆ. ಸೊಸೆಗೆ ಅಡಿಗೆಮನೆಯ ಕೆಲಸವನ್ನೆಲ್ಲ ಒಪ್ಪಿಸಿ ಉಗ್ರಾಣದ ಕೀಲಿಯನ್ನು ಅತ್ತೆಯ ಸೆರಗಿಗೆ ಕಟ್ಟಿದಂತೆ ಆಯಿತು. ಐದು ವರ್ಷಕ್ಕೊಮ್ಮೆ ರಾಜ್ಯ ಹಣಕಾಸು ಆಯೋಗವು ಕುಳಿತು ಶಿಫಾರಸು ಮಾಡಬೇಕೆಂದು ೨೪೩-ವೈ ಹೇಳುವದು ನಿಜ. ಶಿಫಾರಸನ್ನು ಒಪ್ಪುವದೂ ಬಿಡುವದೂ ರಾಜ್ಯದ ಕೈಯಲ್ಲಿಯೇ ಇದೆ.

ಇನ್ನು ಸುಂಕದ ಗುಣದೋಷಗಳನ್ನು ವಿಚಾರಿಸೋಣ. ವಕೀಲರಾದ ನಾವು ಒಂದೇ ಪಕ್ಷವನ್ನು ಹಿಡಿದು ವಾದಿಸುವವರೆಂದು ಜನರ ಭಾವನೆ; ಈ ಸಭೆಯಲ್ಲಿ ಎರಡೂ ಪಕ್ಷಗಳನ್ನು ಮುಂದಿಡುವೆವು. ಈ ಸುಂಕದಲ್ಲಿ ಮೂರು ಗುಣಗಳಿವೆ. ಇದನ್ನು ವಸೂಲು ಮಾಡಲು ಮನೆ ಮನೆಗೆ ತಿರುಗಬೇಕಾದುದಿಲ್ಲ; ಪತ್ರ ನೋಂದಣಿಯಾಗಬೇಕಾದರೆ ಹಣವು ಬಂದೇ ಬರುವದು. ಕೈಯಲ್ಲಿ ಹಣವು ಓಡಾಡುವ ಹೊತ್ತಿನಲ್ಲಿಯೇ ಇದು ಬೀಳುವದು. ಮಣ್ಣಿನ ಬೆಲೆ ಏರಿದಂತೆ ಇದೂ ತಾನಾಗಿ ಏರುವದು.

ದೋಷಗಳು ಅಷ್ಟೇ ಸ್ಪಷ್ಟವಾಗಿವೆ. ಮೊದಲನೆಯದು ಅನ್ಯಾಯ. ಒಂದೇ ಓಣಿಯಲ್ಲಿ ಇಬ್ಬರು ಗೃಹಸ್ಥರಿದ್ದಾರೆ. ಒಬ್ಬನು ಅಪ್ಪನ ಮನೆಯಲ್ಲಿ ನಲವತ್ತು ವರ್ಷ ಕದಲದೆ ಕುಳಿತವನು. ಇನ್ನೊಬ್ಬನು ನೌಕರಿಯ ವರ್ಗಾವಣೆಯ ದೆಸೆಯಿಂದ ಹತ್ತು ವರ್ಷಗಳಲ್ಲಿ ಎರಡು ಸಲ ಮನೆ ಕೊಂಡವನು. ರಸ್ತೆ, ಗಟಾರ, ದೀಪಗಳನ್ನು ಇಬ್ಬರೂ ಸಮನಾಗಿ ಬಳಸುವರು. ಈ ಸುಂಕವನ್ನು ಮೊದಲಿನವನು ಒಮ್ಮೆಯೂ ಕೊಡುವದಿಲ್ಲ, ಎರಡನೆಯವನು ಎರಡು ಸಲ ಕೊಡುವನು. ಎರಡನೆಯ ದೋಷವು ಅಸತ್ಯ. ಸುಂಕವು ಭಾರವಾದಷ್ಟೂ ಪತ್ರದಲ್ಲಿ ಒಂದು ಬೆಲೆ, ಕೈಯಲ್ಲಿ ಒಂದು ಬೆಲೆ ಎಂಬ ವ್ಯವಹಾರವು ಬೆಳೆಯುವದು. ನೋಂದಣಿಯನ್ನೇ ತಪ್ಪಿಸಿ ಮುಖತ್ಯಾರ ಪತ್ರದ ಮೇಲೆ ಮನೆ ಮಾರುವ ಅಡ್ಡದಾರಿಗಳು ಹುಟ್ಟುವವು. ಅಂಥ ಪತ್ರದಿಂದ ಹಕ್ಕು ದಾಟುವದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೨೦೧೧ರ ಅಕ್ಟೋಬರದಲ್ಲಿ ಸ್ಪಷ್ಟವಾಗಿ ತೀರ್ಪು ಕೊಟ್ಟಿದ್ದರೂ ಬಡವರು ಈ ಬಲೆಯಲ್ಲಿ ಸಿಕ್ಕುವದು ನಿಂತಿಲ್ಲ. ಮೂರನೆಯ ದೋಷವು ಚಂಚಲತೆ. ವ್ಯಾಪಾರ ಚುರುಕಾದ ವರ್ಷ ಹಣವು ಹೊಳೆಯಾಗಿ ಬರುವದು. ಬಡ್ಡಿ ಏರಿದ ವರ್ಷ ಹಳ್ಳವೂ ಬತ್ತುವದು. ಪೌರಕಾರ್ಮಿಕರ ಸಂಬಳವನ್ನು ಮಾತ್ರ ಹೊಳೆಯ ವರ್ಷಕ್ಕೊಂದು, ಬತ್ತಿದ ವರ್ಷಕ್ಕೊಂದು ಮಾಡಲು ಬರುವದಿಲ್ಲ.

ಈ ಚಂಚಲತೆಯ ಮಾತಿಗೆ ಪರದೇಶದ ಎರಡು ನಗರಗಳ ಅನುಭವವನ್ನು ಸಾಕ್ಷಿಯಾಗಿ ಕೊಡಬಹುದು. ಕೆನಡಾ ದೇಶದ ಟೊರಾಂಟೊ ನಗರಕ್ಕೆ ಅಲ್ಲಿಯ ಪ್ರಾಂತ ಸರಕಾರವು ೨೦೦೬ರಲ್ಲಿ ಹೊಸ ತೆರಿಗೆಗಳ ಅಧಿಕಾರವನ್ನು ಕೊಟ್ಟಿತು. ನಗರಸಭೆಯು ೨೦೦೭ರಲ್ಲಿ ಎರಡನ್ನು ಒಪ್ಪಿ ೨೦೦೮ರಲ್ಲಿ ಜಾರಿಗೆ ತಂದಿತು: ಭೂಮಿಯ ವರ್ಗಾವಣೆಯ ತೆರಿಗೆ ಒಂದು, ವಾಹನಗಳ ನೋಂದಣಿಗೆ ೬೦ ಡಾಲರಿನ ತೆರಿಗೆ ಇನ್ನೊಂದು. ವರ್ಷವರ್ಷವೂ ಕಣ್ಣಿಗೆ ಬೀಳುವ ವಾಹನದ ತೆರಿಗೆಯನ್ನು ಜನರ ಅಸಮಾಧಾನದಿಂದ ೨೦೧೧ರ ಆರಂಭಕ್ಕೇ ತೆಗೆದುಹಾಕಬೇಕಾಯಿತು. ಮನೆ ಕೊಂಡ ದಿನ ಮಾತ್ರ ಬೀಳುವ ವರ್ಗಾವಣೆಯ ತೆರಿಗೆಯು ಉಳಿದು ಬೆಳೆಯಿತು. ನಗರವು ಅದಕ್ಕೆ ಒಗ್ಗಿಹೋಯಿತು. ಮನೆಗಳ ವ್ಯಾಪಾರವು ೨೦೨೧ರಲ್ಲಿ ಉಬ್ಬಿ, ೨೦೨೨ರಿಂದ ಬಡ್ಡಿ ಏರಿ ಕುಗ್ಗಿದಾಗ ಆ ಆದಾಯವೂ ಅದರೊಡನೆ ಕುಗ್ಗಿತು. ೨೦೨೪ರ ಜನೇವರಿಯಿಂದ ೩೦ ಲಕ್ಷ ಡಾಲರಿಗೆ ಮೇಲ್ಪಟ್ಟ ಮನೆಗಳ ಮೇಲೆ ದರವನ್ನು ಏರಿಸಿದರು.

ಅಮೇರಿಕದ ಲಾಸ್ ಏಂಜಲೀಸ್ ನಗರದಲ್ಲಿ ೨೦೨೨ರ ನವೆಂಬರದಲ್ಲಿ ಜನರು ತಾವೇ ಮತ ಹಾಕಿ, ೫೦ ಲಕ್ಷ ಡಾಲರಿಗೆ ಮೇಲ್ಪಟ್ಟ ಮಾರಾಟಕ್ಕೆ ಶೇಕಡಾ ೪ ಮತ್ತು ಒಂದು ಕೋಟಿಗೆ ಮೇಲ್ಪಟ್ಟುದಕ್ಕೆ ಶೇಕಡಾ ಐದೂವರೆ ತೆರಿಗೆಯನ್ನು ಒಪ್ಪಿದರು; ಮನೆಯಿಲ್ಲದವರಿಗೆ ಮನೆ ಕಟ್ಟುವದು ಉದ್ದೇಶ. ವರ್ಷಕ್ಕೆ ೬೦ ಕೋಟಿಯಿಂದ ೧೧೦ ಕೋಟಿ ಡಾಲರು ಬರುವದೆಂದು ಹೇಳಿದ್ದರು. ೨೦೨೩ರ ಎಪ್ರಿಲ ೧ಕ್ಕೆ ತೆರಿಗೆ ಜಾರಿಯಾಯಿತು. ಅದಕ್ಕೆ ಮುಂಚೆಯೇ ಅನೇಕರು ಅವಸರದಿಂದ ಮಾರಿ ಮುಗಿಸಿದರು, ಅನಂತರ ದೊಡ್ಡ ಮಾರಾಟಗಳು ಇಳಿದವು, ಮೊದಲ ವರ್ಷದ ಹಣವು ಅಂದಾಜಿಗೆ ಬಹಳ ಕಡಿಮೆಯಾಯಿತು. ಉದ್ದೇಶವು ಒಳ್ಳೆಯದಿದ್ದರೂ ಬಾವಿಯ ನೀರನ್ನು ನೋಡದೆ ಹೊಲಕ್ಕೆ ಕಾಲುವೆ ತೋಡಿದಂತಾಯಿತು.

ಇಷ್ಟರಿಂದ ನಮ್ಮ ನಿರ್ಣಯವು ಇದು: ವರ್ಗಾವಣೆಯ ಸುಂಕದ ನ್ಯಾಯವಾದ ಪಾಲು ಊರಿಗೆ ಬರಬೇಕು, ಆದರೆ ಊರು ಅದರ ಮೇಲೆ ಬದುಕಬಾರದು. ಅದು ಹಬ್ಬದ ಹೋಳಿಗೆ. ದಿನದ ರೊಟ್ಟಿಯು ಬೇರೆ ಕಡೆಯಿಂದ ಬರಬೇಕು.

ಮೊದಲು ಹೋಳಿಗೆಯ ಮಾತು. ಕೊಳ್ಳುವವನ ಮೇಲೆ ಒಂದು ರೂಪಾಯಿಯ ಹೆಚ್ಚಿನ ಭಾರವನ್ನೂ ಹಾಕದೆ ಇದನ್ನು ಸರಿಪಡಿಸಬಹುದು. ರಾಜ್ಯವು ತನ್ನ ಮುದ್ರಾಂಕ ಶುಲ್ಕವನ್ನು ಬೆಲೆಯ ಶೇಕಡಾ ೫ರಿಂದ ೪ಕ್ಕೆ ಇಳಿಸಲಿ. ಬಿಟ್ಟುಕೊಟ್ಟ ಆ ಶೇಕಡಾ ೧ನ್ನು, ಈಗಿನ ಅಧಿಭಾರದ ಬದಲಾಗಿ, ಬೆಲೆಯ ಮೇಲೆಯೇ ಊರಿನ ಸುಂಕವೆಂದು ಕಾಯಿದೆಯಲ್ಲಿ ಬರೆಯಲಿ. ೬೦ ಲಕ್ಷದ ಮನೆಯಿಂದ ಊರುಗಳ ಬಾಬ್ತಿಗೆ ೬ ಸಾವಿರದ ಬದಲು ೬೦ ಸಾವಿರ ಬರುವದು. ಈ ಹಣವನ್ನು ಪಾಲಿಕೆಯು ಬೇರೆ ಖಾತೆಯಲ್ಲಿಡಬೇಕು. ಸಂಬಳಕ್ಕಾಗಲಿ, ಸಮಾರಂಭಕ್ಕಾಗಲಿ ಅದನ್ನು ಮುಟ್ಟಬಾರದು. ಗಟಾರ, ಶಾಲೆಯ ಕಟ್ಟಡ, ನೀರಿನ ಕೊಳವೆಗಳಂಥ ಶಾಶ್ವತ ಕೆಲಸಗಳಿಗೆ ಮಾತ್ರ ಖರ್ಚು ಮಾಡಬೇಕು. ಹಿಂದಿನ ಐದು ವರ್ಷಗಳ ಸರಾಸರಿಗಿಂತ ಹೆಚ್ಚು ಬಂದ ಹಣವನ್ನು ಬತ್ತಿದ ವರ್ಷಕ್ಕೆ ಕೂಡಿಡಬೇಕು. ಒಕ್ಕಲಿಗನು ಹಗೇವಿನಲ್ಲಿ ಕಾಳು ಇಡುವ ಬುದ್ಧಿಯೇ ಇದು.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪಣೆಯುಂಟು. ಆಸ್ತಿಯ ವ್ಯಾಪಾರವು ಬೆಂಗಳೂರಿನಲ್ಲಿ ಹೆಚ್ಚು; ಸುಂಕದ ಹಣವೆಲ್ಲ ಅಲ್ಲಿಯೇ ಉಳಿದರೆ ಯಾದಗಿರಿ, ಸಿಂದಗಿ, ಹಾವೇರಿ, ಚಾಮರಾಜನಗರಗಳ ಗತಿಯೇನು? ಏಕೀಕರಣದ ಪಕ್ಷಪಾತಿಗಳಾದ ನಾವು ಈ ಆಕ್ಷೇಪಣೆಯನ್ನು ತಲೆಬಾಗಿ ಸ್ವೀಕರಿಸುವೆವು. ಬೆಂಗಳೂರಿನ ಮಣ್ಣಿಗೆ ಬೆಲೆ ಬಂದುದು ಬೆಂಗಳೂರಿಗರೊಬ್ಬರಿಂದಲೇ ಅಲ್ಲ. ಕನ್ನಡ ನಾಡೆಲ್ಲದರ ರಾಜಧಾನಿಯಾದುದರಿಂದ. ಬೀದರದ ಹುಡುಗನೂ ಕಾರವಾರದ ಹುಡುಗಿಯೂ ಅಲ್ಲಿ ದುಡಿಯುವದರಿಂದ. ಆದುದರಿಂದ ಸುಂಕದ ಮೂರನೆಯ ಒಂದು ಪಾಲನ್ನು ರಾಜ್ಯದ ಎಲ್ಲ ಊರುಗಳ ಸಾಮಾನ್ಯ ನಿಧಿಗೆ ಸೇರಿಸಿ, ಜನಸಂಖ್ಯೆಯನ್ನೂ ಬಡತನವನ್ನೂ ನೋಡಿ ಸಣ್ಣ ಊರುಗಳಿಗೆ ಹಂಚಬೇಕು. ನಮ್ಮ ೬೦ ಸಾವಿರದಲ್ಲಿ ೪೦ ಸಾವಿರವು ಹುಬ್ಬಳ್ಳಿಗೆ ಇರಲಿ, ೨೦ ಸಾವಿರವು ನಾಡಿಗೆ ಹೋಗಲಿ. ನಕಾಶೆಯ ಮೇಲೆ ೧೯೫೬ರಲ್ಲಿ ಆದ ಏಕೀಕರಣವು ಬೊಕ್ಕಸದಲ್ಲಿಯೂ ಆಗಬೇಕಲ್ಲವೇ?

ಇನ್ನು ದಿನದ ರೊಟ್ಟಿ. ಅದು ಮನೆಪಟ್ಟಿ, ಅಂದರೆ ಭೂಮಿ ಕಟ್ಟಡಗಳ ಮೇಲಿನ ವರ್ಷದ ತೆರಿಗೆ. ಮನೆ ಮಾರಲಿ ಬಿಡಲಿ, ಗಟಾರವು ದಿನಾಲೂ ಹರಿಯುವದು. ದಿನ ಹರಿಯುವ ಗಟಾರಕ್ಕೆ ವರ್ಷ ವರ್ಷ ಬರುವ ತೆರಿಗೆಯೇ ಸರಿಯಾದ ಜೋಡಿ. ಕದಲದ ಗೃಹಸ್ಥನೂ ಕದಲುವ ಗೃಹಸ್ಥನೂ ಇಲ್ಲಿ ಸಮನಾಗಿ ಕೊಡುವರು. ಮಾಲಿಕನೇ ಲೆಕ್ಕ ಹಾಕಿ, ಘೋಷಿಸಿ, ತುಂಬುವ ಪದ್ಧತಿಯು ೨೦೦೦ದಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ಅನಂತರ ರಾಜ್ಯದ ಇತರ ಊರುಗಳಿಗೂ ಬಂದಿತು. ಇದು ಪ್ರಜೆಯನ್ನು ನಂಬುವ ಪದ್ಧತಿ. ನಂಬಿಕೆಗೆ ತಕ್ಕ ಪರಿಶೀಲನೆಯೂ ಬೇಕು. ಎರಡು ಮಹಡಿಯನ್ನು ಘೋಷಿಸಿ ನಾಲ್ಕು ಮಹಡಿಯನ್ನು ಬಾಡಿಗೆಗೆ ಕೊಟ್ಟವನನ್ನು ಯಾರೂ ಕೇಳದೆ ಹೋದರೆ, ನೆಟ್ಟಗೆ ತುಂಬಿದವನು ತಾನು ಮೂರ್ಖನಾದೆನೆಂದು ಭಾವಿಸುವನು. ಕೊಟ್ಟವನು ಕೋಡಂಗಿ, ಇಸಕೊಂಡವನು ವೀರಭದ್ರನೆಂಬ ಗಾದೆಯು ಪಾಲಿಕೆಯ ಬಾಗಿಲ ಮೇಲೆಯೇ ಬರೆದಂತಾಗುವದು. ಈಗ ನಗರದ ಆಸ್ತಿಯ ನೋಂದಣಿಗೆ ಇ-ಖಾತೆ ಬೇಕೆಂಬ ನಿಯಮವು ಬಂದಿರುವದರಿಂದ ನೋಂದಣಿಯ ಕಚೇರಿಯ ಕಾಗದವೂ ಪಾಲಿಕೆಯ ಕಾಗದವೂ ಒಂದನ್ನೊಂದು ನೋಡುವ ಕಾಲ ಬಂದಿದೆ. ಬಾಕಿದಾರರ ಪಟ್ಟಿಯನ್ನು, ದೊಡ್ಡವರಿಂದ ಮೊದಲ್ಗೊಂಡು, ವಾರ್ಡುವಾರು ಪ್ರಕಟಿಸಿದರೆ ಹೊಸ ತೆರಿಗೆಯಿಲ್ಲದೆಯೇ ಹಳೆಯ ತೆರಿಗೆಯು ಫಲ ಕೊಡುವದು.

ಎರಡನೆಯ ಮಾರ್ಗವು ಈ ಸಭೆಯಲ್ಲಿ ಕುಳಿತ ಶಿಕ್ಷಕರ ಜೇಬಿಗೇ ಸಂಬಂಧಪಟ್ಟುದು. ವೃತ್ತಿ ತೆರಿಗೆಯೆಂದು ನಿಮ್ಮ ಸಂಬಳದಲ್ಲಿ ತಿಂಗಳಿಗೆ ೨೦೦ ರೂಪಾಯಿಯೂ, ೨೦೨೫ರ ತಿದ್ದುಪಡಿಯಂತೆ ಫೆಬ್ರುವರಿಯಲ್ಲಿ ೩೦೦ ರೂಪಾಯಿಯೂ ಹಿಡಿಯಲ್ಪಡುವವು, ವರ್ಷಕ್ಕೆ ೨,೫೦೦. ಸಂವಿಧಾನದ ೨೭೬ನೆಯ ಅನುಚ್ಛೇದವು ೧೯೮೮ರ ತಿದ್ದುಪಡಿಯಿಂದ ಹಾಕಿರುವ ಮಿತಿಯೂ ಅಷ್ಟೇ. ತಮಿಳುನಾಡಿನಲ್ಲಿ ಈ ತೆರಿಗೆಯನ್ನು ಸ್ಥಳೀಯ ಸಂಸ್ಥೆಗಳೇ ವಸೂಲು ಮಾಡಿಕೊಳ್ಳುವವು. ನಮ್ಮಲ್ಲಿ ೧೯೭೬ರ ಕಾಯಿದೆಯಂತೆ ಇದನ್ನು ರಾಜ್ಯ ಸರಕಾರವೇ ತೆಗೆದುಕೊಳ್ಳುವದು. ಹುಬ್ಬಳ್ಳಿಯಲ್ಲಿ ದುಡಿಯುವವನ ವೃತ್ತಿ ತೆರಿಗೆಯು ಹುಬ್ಬಳ್ಳಿಯ ರಸ್ತೆಗೆ ಬಂದರೆ, ಹಿಡಿದ ದುಡ್ಡು ಕಣ್ಣೆದುರಿಗೆ ಕೆಲಸವಾಗಿ ಕಾಣುವದು. ಕೊಡುವವನಿಗೆ ಅದೇ ಇಲ್ಲ, ಇರುವ ತೆರಿಗೆಯ ವಿಳಾಸ ಮಾತ್ರ ಬದಲಾಗುವದು.

ಮೂರನೆಯದು ಕೇಂದ್ರ ಸರಕಾರದ ಆಸ್ತಿ. ಹುಬ್ಬಳ್ಳಿಯು ೨೦೦೩ರಿಂದ ನೈಋತ್ಯ ರೈಲ್ವೆಯ ಕೇಂದ್ರಸ್ಥಾನ. ರೈಲು ನಮ್ಮ ಊರಿನ ಭಾಗ್ಯವೆಂಬದರಲ್ಲಿ ಸಂಶಯವಿಲ್ಲ. ಆದರೆ ೨೮೫ನೆಯ ಅನುಚ್ಛೇದದಿಂದ ಕೇಂದ್ರದ ಆಸ್ತಿಗೆ ಸ್ಥಳೀಯ ತೆರಿಗೆಯಿಲ್ಲ. ಗುಜರಾತಿನ ರಾಜಕೋಟೆಯ ಪಾಲಿಕೆಯೂ ಇತರ ಪಾಲಿಕೆಗಳೂ ಹೂಡಿದ ದಾವೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೦೯ರಲ್ಲಿ ಒಂದು ದಾರಿಯನ್ನು ತೆರೆಯಿತು. ತೆರಿಗೆಯಲ್ಲದಿದ್ದರೂ ಸೇವೆಯ ಶುಲ್ಕವೆಂದು, ಊರಿನ ಸೇವೆಗಳನ್ನು ಎಷ್ಟು ಬಳಸುವರೋ ನೋಡಿ, ಆಸ್ತಿ ತೆರಿಗೆಯ ಶೇಕಡಾ ೭೫, ೫೦ ಅಥವಾ ಮೂರನೆಯ ಒಂದು ಪಾಲನ್ನು ಕೊಡತಕ್ಕದ್ದೆಂದು ಅಲ್ಲಿ ಇತ್ಯರ್ಥವಾಯಿತು. ಕೇಂದ್ರದ ಕಚೇರಿಗಳಿರುವ ಪ್ರತಿಯೊಂದು ಊರೂ ಈ ಹಣದ ಲೆಕ್ಕವನ್ನು ವರ್ಷವರ್ಷವೂ ಮುಂಗಡಪತ್ರದಲ್ಲಿ ತೋರಿಸಬೇಕು. ಕೇಳಲು ಸಂಕೋಚವೇಕೆ? ಇದು ಭಿಕ್ಷೆಯಲ್ಲ, ಬಾಕಿ.

ನಾಲ್ಕನೆಯದು ನೀರಿನ ಕರ. ೨೦೦೮ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರ್ಗಿಗಳ ಆಯ್ದ ಭಾಗಗಳಲ್ಲಿ ಹಗಲಿರುಳು ನೀರು ಕೊಡುವ ಪ್ರಯೋಗವು ನಡೆಯಿತು. ಪಕ್ಕದ ಓಣಿಯವರು ಕೊಡ ಹಿಡಿದು ದಿನಗಟ್ಟಲೆ ಕಾಯುತ್ತಿದ್ದಾಗ ಈ ಓಣಿಯವರು ಮೀಟರಿನ ಲೆಕ್ಕದಂತೆ ದುಡ್ಡು ಕೊಟ್ಟು ನಳ ತಿರುವಿದಾಗಲೆಲ್ಲ ನೀರು ಪಡೆದರು. ಬಡವರಿಗೆ ಬದುಕಿಗೆ ಬೇಕಾದಷ್ಟು ನೀರನ್ನು ಸುಲಭ ದರದಲ್ಲಿ ಕೊಟ್ಟು, ತೋಟಕ್ಕೂ ಕಾರಿಗೂ ಸುರಿಯುವವರಿಂದ ಪೂರ್ಣ ಬೆಲೆಯನ್ನು ತೆಗೆದುಕೊಳ್ಳುವದು ಅಧರ್ಮವಾಗಲಾರದು. ಕೆಲಸವು ಕಣ್ಣಿಗೆ ಕಂಡಲ್ಲಿ ಜನರು ಕೊಡಲು ಹಿಂಜರಿಯುವದಿಲ್ಲವೆಂಬದಕ್ಕೆ ಇದು ನಮ್ಮ ಊರಿನದೇ ನಿದರ್ಶನ.

ಇನ್ನು ಉಳಿದ ಆಕ್ಷೇಪಣೆಗಳು ಎರಡು. ರಾಜ್ಯದ ಆದಾಯವು ಕುಂದುವದೆಂಬದು ಒಂದು. ಕುಂದುವದು ನಿಜ, ಆದರೆ ಅಬಕಾರಿ, ವಾಹನ, ಸರಕು ಮತ್ತು ಸೇವಾ ತೆರಿಗೆಯ ಪಾಲುಗಳು ರಾಜ್ಯಕ್ಕೆ ಇವೆ, ಊರಿಗೆ ಬೇರೆ ಏನಿದೆ? ಊರು ತನ್ನ ಗಟಾರವನ್ನು ತಾನೇ ಕಟ್ಟಿಕೊಂಡರೆ ರಾಜ್ಯದ ಅನುದಾನದ ಭಾರವೂ ಅಷ್ಟು ಇಳಿಯುವದು. ಎರಡನೆಯ ಆಕ್ಷೇಪಣೆಯು ಹೆಚ್ಚು ಕಹಿಯಾದುದು: ಪಾಲಿಕೆಗಳಲ್ಲಿ ಪ್ರಾಮಾಣಿಕತೆ ಸಾಲದು, ಅವರ ಕೈಗೆ ದುಡ್ಡು ಕೊಡಬಾರದು ಎಂಬದು. ಇದೇ ಮಾತನ್ನು ಪರಕೀಯ ಸರಕಾರವು ನಮ್ಮ ದೇಶದ ವಿಷಯದಲ್ಲಿ ಆಡುತ್ತಿತ್ತು; ನೀವಿನ್ನೂ ಸ್ವರಾಜ್ಯಕ್ಕೆ ಯೋಗ್ಯರಾಗಿಲ್ಲ ಎನ್ನುತ್ತಿತ್ತು. ಈಜು ಬರುವ ತನಕ ನೀರಿಗೆ ಇಳಿಯಬೇಡವೆಂಬ ಉಪದೇಶವನ್ನು ಆಗ ನಾವು ಒಪ್ಪಲಿಲ್ಲ. ಈಗ ನಮ್ಮ ಊರುಗಳ ವಿಷಯದಲ್ಲಿ ನಾವೇ ಅದನ್ನು ಏಕೆ ಆಡಬೇಕು? ಅನುದಾನದ ದುಡ್ಡು ಎಲ್ಲಿಂದಲೋ ಬಂದುದೆಂದು ಯಾರೂ ಲೆಕ್ಕ ಕೇಳುವದಿಲ್ಲ; ತನ್ನ ಜೇಬಿನಿಂದ ಹೋದ ದುಡ್ಡಿನ ಲೆಕ್ಕವನ್ನು ಪ್ರತಿಯೊಬ್ಬನೂ ಕೇಳುವನು. ತೆರಿಗೆಯೇ ಕಾವಲುಗಾರನನ್ನು ಹುಟ್ಟಿಸುವದು.

ಆ ಕಾವಲಿನ ಕೆಲಸವು ನಮ್ಮದು. ನಮ್ಮ ಪಾಲಿಕೆಯ ಹಿಂದಿನ ಸಭೆಯ ಅವಧಿಯು ೨೦೧೯ರಲ್ಲಿ ಮುಗಿದರೂ ಚುನಾವಣೆಯಾದುದು ೨೦೨೧ರ ಸಪ್ಟೆಂಬರದಲ್ಲಿ. ಬೆಂಗಳೂರಿನ ಪಾಲಿಕೆಯ ಸಭೆಯು ೨೦೨೦ರ ಸಪ್ಟೆಂಬರದಲ್ಲಿ ಅವಧಿ ಮುಗಿಸಿದ ಮೇಲೆ ವರ್ಷಗಟ್ಟಲೆ ಚುನಾವಣೆಯಿಲ್ಲದೆ ಅಧಿಕಾರಿಗಳ ಆಡಳಿತವೇ ನಡೆಯಿತು. ಸಭೆಯೇ ಇಲ್ಲದ ಊರಿನಲ್ಲಿ ಬೊಕ್ಕಸದ ಹಕ್ಕನ್ನು ಕೇಳುವವರಾರು? ೨೦೨೫ರ ಜನೇವರಿಯಲ್ಲಿ ರಾಜ್ಯದ ಮಂತ್ರಿಮಂಡಲವು ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆಯನ್ನು ಒಪ್ಪಿತು. ಅಣ್ಣತಮ್ಮಂದಿರು ಬೇರೆಯಾಗುವಾಗ ಮೊದಲು ಕೇಳಬೇಕಾದುದು ಎರಡು ಒಲೆಗಳಿಗೂ ಸೌದೆ ಇದೆಯೇ ಎಂಬದನ್ನು; ಎರಡು ಪಾಲಿಕೆಗಳಾಗುವ ಊರುಗಳಿಗೆ ಬೊಕ್ಕಸದ ಪ್ರಶ್ನೆಯು ಇಮ್ಮಡಿ ಅಗತ್ಯದ್ದು.

ಆದುದರಿಂದ ನಿಮ್ಮಲ್ಲಿ ನಮ್ಮ ಬಿನ್ನಹಗಳು ಮೂರು. ಪಾಲಿಕೆಯ ಮುಂಗಡಪತ್ರವನ್ನು ವರ್ಷಕ್ಕೊಮ್ಮೆಯಾದರೂ ತರಿಸಿ ಓದಿರಿ. ವರ್ಗಾವಣೆಯ ಸುಂಕದ ಬಾಬ್ತಿಗೆ ಎಷ್ಟು ಬರಬೇಕಿತ್ತು, ಎಷ್ಟು ಬಂದಿತು ಎಂದು ಕೇಳಿರಿ. ಉತ್ತರ ಬಾರದಿದ್ದರೆ ೨೦೦೫ರ ಮಾಹಿತಿ ಹಕ್ಕಿನ ಕಾಯಿದೆ ಇದೆ. ಮೂರು ಲಕ್ಷ ಜನರಿರುವ ಊರಿಗೆ ವಾರ್ಡ ಸಮಿತಿಗಳು ಇರಬೇಕೆಂದು ಸಂವಿಧಾನವು ಹೇಳಿದೆ. ಆ ಸಮಿತಿಯಲ್ಲಿ ಹೋಗಿ ಕೂಡ್ರಿರಿ. ಮತ್ತು ಶಿಕ್ಷಕರೇ, ನಿಮ್ಮ ಏಳನೆಯ ಇಯತ್ತೆಯ ಹುಡುಗರಿಗೆ ಶೇಕಡಾವಾರು ಲೆಕ್ಕವನ್ನು ಕಲಿಸುವಾಗ ಲಾಭ-ನಷ್ಟದ ಹಳೆಯ ಉದಾಹರಣೆಗಳ ಜೊತೆಗೆ ಇದನ್ನೂ ಕೊಡಿರಿ: ೬೦ ಲಕ್ಷದ ಮನೆ, ಶೇಕಡಾ ೫ ಶುಲ್ಕ, ಆ ಶುಲ್ಕದ ಶೇಕಡಾ ೨ ಊರಿಗೆ, ಊರಿಗೆ ಬಂದುದೆಷ್ಟು? ಹುಡುಗರು ೬ ಸಾವಿರವೆಂದು ಸರಿಯಾಗಿ ಬಿಡಿಸಿ, ಇಷ್ಟೇ ಏಕೆ ಎಂದು ನಿಮ್ಮನ್ನು ಕೇಳುವರು. ಆ ಪ್ರಶ್ನೆಯು ತರಗತಿಯಿಂದ ಮನೆಗೂ, ಮನೆಯಿಂದ ಪಾಲಿಕೆಗೂ, ಪಾಲಿಕೆಯಿಂದ ಶಾಸನ ಸಭೆಗೂ ಹೋಗಲಿ.